ನೀರಿಗಿಳಿಯದ ದೋಣಿಗೆ ಸ್ನಾನ

ಕುದುರೆಮುಖ ಹತ್ತಿಳಿದ ಮೈಕೈ ನೋವು ಇನ್ನೂ ಹೋಗಿಲ್ಲ. ಆದರೂ ಬೆಳಗ್ಗೆ ಎದ್ದವನೇ ಶೆಡ್ ಬಾಗಿಲು ತೆಗೆದೆ.

ನಾನು ಮಾಡುತ್ತಿರುವ ಕಯಾಕ್, ಅಂದರೆ ಹುಟ್ಟು ಹಾಕಿ ನಡೆಸುವ ಸಪೂರ ದೋಣಿ, ಅದರ ಮೇಲೆ ಕೈಯಾಡಿಸಿದರೆ ಮೇಣ ಸವರಿದ ಹಾಗೆ ಜಿಗುಟು. ಮಳೆಗಾಲದ ತೇವಕ್ಕೆ ಎಪಾಕ್ಸಿ ಅನ್ನೋ ಗಟ್ಟಿಯಾಗುವ ಅಂಟಿನ ಮೇಲೆ ಹೀಗೊಂದು ಪದರ ಕೂರುತ್ತದೆ. ತೊಳೆಯದೆ ಉಜ್ಜಿದರೆ ಸ್ಯಾಂಡ್‌ಪೇಪರ್ ದಂಡ. ಸರಿ, ಬಕೆಟ್ ನೀರು, ಪಾತ್ರೆ ಉಜ್ಜೋ ಸ್ಕ್ರಬ್ಬರ್.

ಅಮ್ಮ ಇಣುಕಿ ನೋಡಿದರು. "ಇನ್ನೂ ನೀರಿಗೇ ಇಳಿದಿಲ್ಲ, ಆಗಲೇ ಸ್ನಾನಾನಾ?"

ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಲ್ಲಿ ಹೊಲಿದು, ಸಂದಿಗೆ ಎಪಾಕ್ಸಿ ತುಂಬಿ ಮಾಡುವ ದೋಣಿ ಇದು. ನಿಜವಾಗಲೂ ಹೊಲಿಗೆನೇ. ತಂತಿ ಕಿತ್ತ ಮೇಲೂ ಅಂಚಿನುದ್ದಕ್ಕೂ ಚುಕ್ಕಿ ಚುಕ್ಕಿ ಗುರುತು, ಬಿಚ್ಚಿದ ರವಿಕೆಯಲ್ಲಿ ಇರುತ್ತಲ್ಲ, ಹಾಗೆ. ಸಾಲೂ ನೆಟ್ಟಗಿಲ್ಲ. ಬಣ್ಣ ಬಳಿದು ಮುಚ್ಚೋಕೆ ಯಾಕೋ ಮನಸ್ಸಿಲ್ಲ.

ಬೆಟ್ಟದಲ್ಲಿದ್ದಾಗ ಇದರದ್ದೇ ಯೋಚನೆ, ಇಲ್ಲಿ ಕೂತರೆ ಬೆಟ್ಟದ್ದು. ಭಾನುವಾರ ಮಳೆ ಬಿಟ್ಟರೆ ದೋಣಿಗೆ ಇನ್ನೊಂದು ಕೋಟ್. ಬಿಡದಿದ್ದರೆ ಇನ್ನೊಂದು ಬೆಟ್ಟ.