ಸುಣ್ಣದ ಎರಡು ಗೆರೆ

ಎರಡು ವರ್ಷಗಳ ಹಿಂದೆ, ಫೆಬ್ರವರಿಯ ಒಂದು ದಿನ ಬೆಳಿಗ್ಗೆ ಒಂಬತ್ತರ ಸುಮಾರಿಗೆ, ನಮ್ಮ ಊರಿನ ಕೃಷಿಕರ ವಾಟ್ಸಾಪ್ ಗುಂಪಿಗೆ ಒಂದು ಭಾವಚಿತ್ರ ಬಂತು. ಪಕ್ಕದ ಗ್ರಾಮದ ತೋಟವೊಂದರಲ್ಲಿ ಅಡಿಕೆ ಕೊಯ್ಯುತ್ತಿದ್ದ ಯುವಕನೊಬ್ಬ, ಗೊನೆ ಇಳಿಸುವ ಉದ್ದನೆಯ ಕೋಲು, ಎಂದರೆ ದೋಟಿ, ವಿದ್ಯುತ್ ತಂತಿಗೆ ತಾಗಿ, ತೀರಿಕೊಂಡಿದ್ದ. ಮಧ್ಯಾಹ್ನದೊಳಗೆ ಹತ್ತಾರು ಮಂದಿ ಕೈಮುಗಿದ ಚಿತ್ರ ಹಾಕಿದರು, ಕೆಲವರು 'ಓಂ ಶಾಂತಿ' ಎಂದರು, ಇಬ್ಬರು ಹಿರಿಯರು 'ಗ್ರಹಚಾರ' ಎಂದು ಬರೆದರು. ಸಂಜೆಗೆ ಚಾಲಿ ಅಡಿಕೆಯ ಧಾರಣೆ ಬಂತು, ಮಾತು ಆ ಕಡೆಗೆ ಹೊರಳಿತು. ದೋಟಿ ಯಾವುದಾಗಿತ್ತು, ತಂತಿ ಎಷ್ಟು ಎತ್ತರದಲ್ಲಿತ್ತು, ಅವನು ಗೊನೆ ಕೊಯ್ಯುತ್ತಿದ್ದನೋ ದೋಟಿ ಹಿಡಿದು ನಡೆಯುತ್ತಿದ್ದನೋ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಸಾವಿನ ಮನೆಯ ವಿಷಯದಲ್ಲಿ ಹಾಗೆ ವಿಚಾರಿಸುವುದು ನಮ್ಮಲ್ಲಿ ಮರ್ಯಾದೆಯಲ್ಲ. ವಿಚಾರಿಸಿದವನು ಯಾರದೋ ತಪ್ಪು ಹುಡುಕಲು ಹೊರಟಿದ್ದಾನೆ ಎಂದೇ ಜನ ತಿಳಿಯುತ್ತಾರೆ. ಹೀಗೆ ಸಾವಿನ ಸುದ್ದಿ ಅರ್ಧ ಗಂಟೆಯಲ್ಲಿ ಹತ್ತು ಗ್ರಾಮಗಳಿಗೆ ಹರಡಿತು, ಇನ್ನೊಬ್ಬನ ಜೀವ ಉಳಿಸಬಹುದಾಗಿದ್ದ ವಿವರ ಮಾತ್ರ ಆ ತೋಟದ ಬೇಲಿ ದಾಟಲಿಲ್ಲ.

ನಾನು ಸುಳ್ಯ ತಾಲೂಕಿನವನು. ಎರಡೂವರೆ ಎಕರೆ ಅಡಿಕೆ, ನಡುವೆ ಕಾಳುಮೆಣಸು, ಒಂದಿಷ್ಟು ಕೊಕ್ಕೊ. ನಮ್ಮ ಕಡೆಯ ಕೃಷಿಕರಿಗೆ ಮಾಹಿತಿಯ ಬರವಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಪುತ್ತೂರಿನಿಂದ 1988ರಲ್ಲಿ ಆರಂಭವಾದ ಅಡಿಕೆ ಪತ್ರಿಕೆಯು ಕೃಷಿಕನ ಅನುಭವವನ್ನು ಕೃಷಿಕನೇ ಬರೆಯಬೇಕೆಂಬ ಹಟ ಹಿಡಿದು, ಎಷ್ಟೋ ಮಂದಿಯ ಕೈಗೆ ಲೇಖನಿ ಕೊಟ್ಟಿತು. ವಿಟ್ಲದಲ್ಲಿ ಸಿಪಿಸಿಆರ್‌ಐ ಎಂಬ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ, ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ, 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಉತ್ತರ ದೊರೆಯುತ್ತದೆ. ಆದರೂ ಇಷ್ಟು ವರ್ಷಗಳಲ್ಲಿ ನನಗೆ ಅರ್ಥವಾದದ್ದು ಇಷ್ಟು: ಮಾಹಿತಿ ಬರುವುದು ತೋಟದ ಯಜಮಾನನ ಹೆಸರಿಗೆ, ದೋಟಿ ಇರುವುದು ಬೇರೆಯವರ ಹೆಗಲ ಮೇಲೆ. ಆ ಹೆಗಲಿನವರಿಗೆ ತಿಳಿದಿರುವ ಸಂಗತಿಗಳು ನಮ್ಮ ಕಡೆಗೆ ಬರುವ ದಾರಿಯನ್ನಂತೂ ಯಾರೂ ಮಾಡಿಲ್ಲ.

ಮಾಹಿತಿ ಚೆನ್ನಾಗಿ ಹಬ್ಬಿದ ಉದಾಹರಣೆಯೊಂದು ನಮ್ಮ ಅಂಗಳದಲ್ಲಿಯೇ ಇದೆ. ಕೆನಡಾದಿಂದ ಬಂದು 1908ರಲ್ಲಿ ಮೈಸೂರು ಸರಕಾರದ ಸೇವೆಗೆ ಸೇರಿದ ಲೆಸ್ಲಿ ಕೋಲ್ಮನ್ ಅವರು ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಅದುವರೆಗೆ ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಗೊನೆಗೊನೆಗೂ ಕರಡದ, ಎಂದರೆ ಒಣಹುಲ್ಲಿನ, ಕೊಟ್ಟೆ ಕಟ್ಟುತ್ತಿದ್ದರು. ಅನಂತರ ಬೋರ್ಡೋ ದ್ರಾವಣ ಬಂತು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕವನ್ನು ಶಾಲೆಯ ಮೆಟ್ಟಿಲು ಹತ್ತದವರೂ ನಮ್ಮಲ್ಲಿ ಬಾಯಿಪಾಠ ಹೇಳುತ್ತಾರೆ. ದ್ರಾವಣ ಹದವಾಗಿದೆಯೇ ಎಂದು ನೋಡಲು ಉಜ್ಜಿದ ಕತ್ತಿಯನ್ನು ಅದರಲ್ಲಿ ಅದ್ದಬೇಕು, ಅಲಗಿಗೆ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಇದನ್ನು ನನಗೆ ಅಪ್ಪ ಕಲಿಸಿದರು, ಅಪ್ಪನಿಗೆ ಅಜ್ಜ ಕಲಿಸಿದ್ದರು, ಯಾರೂ ಓದಿ ಕಲಿತದ್ದಲ್ಲ. ಕೈಯಲ್ಲಿ ಮಾಡಿ, ಕಣ್ಣಲ್ಲಿ ನೋಡಿ, ಆ ವರ್ಷದ ಫಸಲಿನಲ್ಲಿಯೇ ಲಾಭ ಕಂಡದ್ದರಿಂದ ಅದು ಉಳಿಯಿತು.

ಆದರೆ ಆ ಕತ್ತಿಯ ಪರೀಕ್ಷೆ ಇರುವುದು ಎಳೆ ಕಾಯಿ ಸುಡಬಾರದೆಂದು. ಮದ್ದು ಬಿಡುವವನ ಕಣ್ಣು ಸುಡದಿರಲು ಅಂಥದೊಂದು ಪರೀಕ್ಷೆಯನ್ನು ಅಪ್ಪ ಕಲಿಸಲಿಲ್ಲ, ಅವರಿಗೂ ಯಾರೂ ಕಲಿಸಿರಲಿಲ್ಲ. ಜೂನ್ ತಿಂಗಳ ಸಂಜೆ, ಮರದಿಂದ ಇಳಿದು ಅಂಗಳದ ತುದಿಯಲ್ಲಿ ಚಾ ಕುಡಿಯಲು ಕುಳಿತವರ ರೆಪ್ಪೆಗೂದಲು ತಿಳಿನೀಲಿಯಾಗಿರುವುದನ್ನು ನಾನು ಬಾಲ್ಯದಿಂದ ನೋಡಿದ್ದೇನೆ. ಅದು ಮಳೆಗಾಲದ ಬಣ್ಣ ಎಂಬಂತೆ ನಮಗೆ ಅಭ್ಯಾಸವಾಗಿಹೋಗಿತ್ತು. ಮಾತಿನಲ್ಲಿಯೂ ಅಷ್ಟೆ. ನಾವು ಅದನ್ನು ಮದ್ದು ಎನ್ನುತ್ತೇವೆ, ಬಯಲುಸೀಮೆಯವರು ಔಷಧಿ ಎನ್ನುತ್ತಾರೆ, ಉತ್ತರ ಕರ್ನಾಟಕದಲ್ಲಿ ಎಣ್ಣೆ ಹೊಡೆಯುವುದು ಎನ್ನುತ್ತಾರೆ. ವಿಷ ಎಂದು ಕರೆಯುವುದು ಯಾರಾದರೂ ಕುಡಿದಾಗ ಮಾತ್ರ.

ಬೇರುಹುಳಕ್ಕೆ ಹಾಕುವ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕದ ವಿಷಯದಲ್ಲಿ ನಾನೇ ಪಾಠ ಕಲಿತದ್ದನ್ನು ಇಲ್ಲಿ ಬರೆಯಬೇಕು. ನಾಲ್ಕು ವರ್ಷಗಳ ಹಿಂದೆ, ಐದು ಲೀಟರಿನ ಕ್ಯಾನನ್ನು ಅಟ್ಟದ ಮೇಲಿಟ್ಟು, ಆ ದಿನಕ್ಕೆ ಬೇಕಾದಷ್ಟನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ಸುರಿದು, ಕೆಲಸಕ್ಕೆ ಬಂದಿದ್ದ ಜಾರ್ಖಂಡಿನ ಯುವಕನ ಕೈಗೆ ಕೊಟ್ಟೆ. ಎಷ್ಟು ನೀರಿಗೆ ಎಷ್ಟು ಎಂದು ಹೇಳಿದೆ, ಬೇರೇನೂ ಹೇಳಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಅವನು ಬೆವರಿ, ಜೊಲ್ಲು ಸುರಿಸುತ್ತ, ಕಣ್ಣು ಮಂಜಾಗಿದೆ ಎಂದು ಮರದ ಬುಡದಲ್ಲಿ ಕುಳಿತುಬಿಟ್ಟಿದ್ದ. ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳಿದ್ದೇ ಯಾವ ಮದ್ದು, ಬಾಟಲಿ ತಂದಿದ್ದೀರಾ ಎಂದು. ನನ್ನ ಕೈಯಲ್ಲಿ ಇದ್ದದ್ದು ತಂಪು ಪಾನೀಯದ ಬಾಟಲಿ. ಬೇರುಹುಳದ ಮದ್ದು ಎಂದೆ. ಬೇರುಹುಳಕ್ಕೆ ನಾಲ್ಕು ಬಗೆಯ ಮದ್ದು ಉಂಟು, ಹೆಸರು ಹೇಳಿ ಎಂದರು. ಆ ಗಾಬರಿಯಲ್ಲಿ ಹೆಸರು ನನ್ನ ಬಾಯಿಗೆ ಬರಲಿಲ್ಲ. ಮನೆಗೆ ಫೋನ್ ಮಾಡಿದೆ. ಹೆಂಡತಿ ಏಣಿ ಇಟ್ಟು ಅಟ್ಟ ಹತ್ತಿ, ಕ್ಯಾನಿನ ಕುತ್ತಿಗೆಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ್ದ, ನಾವು ಒಮ್ಮೆಯೂ ಬಿಡಿಸದಿದ್ದ ಮಡಚಿದ ಹಾಳೆಯನ್ನು ಬಿಡಿಸಿ ಫೋಟೋ ತೆಗೆದು ಕಳುಹಿಸಿದಳು. ವೈದ್ಯರು ಅದನ್ನು ಬೆರಳಿನಲ್ಲಿ ಹಿಗ್ಗಿಸಿ ಓದಿದರು. ಅಟ್ರೋಪಿನ್ ಚುಚ್ಚುಮದ್ದು ಕೊಟ್ಟರು. ಮೂರನೆಯ ದಿನ ಅವನು ನಡೆದುಕೊಂಡು ಹೊರಗೆ ಬಂದ.

ಆ ಹಾಳೆಯ ಹಿಂದೆ ಒಂದು ಚರಿತ್ರೆಯಿದೆ. 1958ರಲ್ಲಿ, ಹಡಗಿನಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕದ ಜೊತೆಯಲ್ಲಿ ಬಂದು ವಿಷ ತಾಗಿದ್ದ ಗೋಧಿಹಿಟ್ಟನ್ನು ತಿಂದು ಕೇರಳದಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಅದರ ತರುವಾಯ ನಡೆದ ವಿಚಾರಣೆಗಳ ಫಲವಾಗಿ 1968ರಲ್ಲಿ ಕೀಟನಾಶಕ ಕಾಯ್ದೆಯೂ 1971ರಲ್ಲಿ ಅದರ ನಿಯಮಗಳೂ ಬಂದವು. ಡಬ್ಬದ ಮೇಲೆ ಮೂಲೆ ಕೆಳಗಾಗಿ ನಿಲ್ಲಿಸಿದ ಚೌಕ, ಅದರ ಕೆಳ ಅರ್ಧದಲ್ಲಿ ಬಣ್ಣ: ಕೆಂಪು ಎಂದರೆ ಅತಿ ಘೋರ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಅನಂತರ ನೀಲಿ, ಕೊನೆಗೆ ಹಸಿರು. ಓದು ಬಾರದವರಿಗೂ ತಿಳಿಯಲೆಂದೇ ಮಾಡಿದ ವ್ಯವಸ್ಥೆ ಇದು. ಆದರೆ ಬಣ್ಣದ ಅರ್ಥವನ್ನು ಯಾರೋ ಒಬ್ಬರು ಬಾಯಲ್ಲಿ ಹೇಳಲೇಬೇಕಲ್ಲ? ನಮ್ಮ ನೆರೆಯವರು, ತಿಳಿದವರೇ, ಹಸಿರು ಚೌಕವಿದ್ದ ಡಬ್ಬವನ್ನು ತೋರಿಸಿ, ಇದು ಬಿಸ್ಕತ್ತಿನ ಪೊಟ್ಟಣದ ಮೇಲಿರುವ ಹಸಿರು ಚುಕ್ಕಿಯ ಹಾಗೆ, ತೊಂದರೆ ಇಲ್ಲದ್ದು ಎಂದು ನನಗೆ ವಿವರಿಸಿದ್ದರು. ಇನ್ನು ಆ ಹಾಳೆಯನ್ನು ಇಂಗ್ಲಿಷ್, ಹಿಂದಿ ಮತ್ತು ಪ್ರಾದೇಶಿಕ ಭಾಷೆಯಲ್ಲಿ ಮುದ್ರಿಸಬೇಕೆಂಬ ನಿಯಮವಿದೆ. ಕನ್ನಡದ ಭಾಗವನ್ನು ಓದಬಲ್ಲ ನಾನು ಓದಲಿಲ್ಲ. ಹಿಂದಿಯ ಭಾಗವನ್ನು ಓದಬಲ್ಲವನು ನನ್ನ ತೋಟದಲ್ಲಿಯೇ ಇದ್ದ, ಅವನ ಕೈಗೆ ಹಾಳೆ ಹೋಗಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅವನಿಗೆ ಅದನ್ನು ಕೊಟ್ಟೆ. ನಿಧಾನವಾಗಿ, ಬೆರಳಿಟ್ಟು, ಕೊನೆಯ ಸಾಲಿನವರೆಗೂ ಓದಿದ. ಮಡಚಿ ಹಿಂದೆ ಕೊಡುವಾಗ, ಬೆಳಿಗ್ಗೆ ಜೋರಾಗಿದ್ದ ವಾಸನೆ ಮಧ್ಯಾಹ್ನದ ಹೊತ್ತಿಗೆ ತಿಳಿಯದೇ ಹೋಗುತ್ತದೆ, ಹಾಗಾದರೆ ತೋಟದಿಂದ ಹೊರಗೆ ಬಂದುಬಿಡಬೇಕೆಂದು ತಮ್ಮ ಕಡೆಯವನೊಬ್ಬ ಹೇಳಿದ್ದ, ಅರ್ಧ ದಿನದ ಸಂಬಳ ಹೋಗುತ್ತದೆಂದು ತಾನು ಬರಲಿಲ್ಲ ಎಂದ. ಹಾಳೆಯಲ್ಲಿ ಆ ಮಾತು ಇರಲಿಲ್ಲ.

ಮೈಮೇಲೆ ಅನುಭವಿಸಿದವರು ಮೊದಲು ತಿಳಿದು, ಕಾಗದ ಕೊನೆಗೆ ತಿಳಿದ ದೊಡ್ಡ ಉದಾಹರಣೆ ನಮ್ಮ ಗಡಿಯಲ್ಲಿಯೇ ನಡೆದಿದೆ. ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆ ಕನ್ನಡ, ತುಳು ಮಾತನಾಡುವ ಊರು. ಸುತ್ತಲಿನ ಗೇರು ತೋಪುಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಅಲ್ಲಿನ ಕೃಷಿಕ, ಪತ್ರಕರ್ತ ಶ್ರೀಪಡ್ರೆಯವರು ಅಂಗವಿಕಲ ಕರುಗಳು ಹುಟ್ಟುತ್ತಿರುವುದನ್ನು ಬಹಳ ಮುಂಚೆಯೇ ಬರೆದರು, ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಕಾಯಿಲೆಗಳಲ್ಲಿ ಏನೋ ಅಸಹಜವಾದದ್ದಿದೆ ಎಂದು ಗುರುತಿಸಿ ಹೊರಗಿನವರಿಗೆ ತಿಳಿಸಲು ಹೆಣಗಿದರು. ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆ ಹಾಕಿದ್ದು 2011ರ ಮೇ 13ರಂದು. ಕೊಟ್ಟಿಗೆಯಲ್ಲಿ ಕಂಡದ್ದು ದೆಹಲಿಗೆ ತಲಪಲು ಮೂರು ದಶಕ ಹಿಡಿಯಿತು.

ದೋಟಿಯ ವಿಷಯಕ್ಕೆ ಬರುತ್ತೇನೆ. ಮರ ಏರುವವರು ಕಡಿಮೆಯಾದ ಹಾಗೆ ನಮ್ಮಲ್ಲಿ ಕಾರ್ಬನ್ ಫೈಬರ್ ದೋಟಿ ಬಂತು. ಒಂದು ಹಳೆಯ ಬೈಕಿನಷ್ಟು ಬೆಲೆಯದಾದರೂ ಅಲ್ಯೂಮಿನಿಯಮಿಗಿಂತ ಹಗುರ, ಅರುವತ್ತು ಅಡಿಯವರೆಗೆ ಉದ್ದ ಮಾಡಬಹುದು, ನೆಲದಲ್ಲಿ ನಿಂತೇ ಗೊನೆ ಇಳಿಸಬಹುದು. ಮರದಿಂದ ಬೀಳುವ ಭಯವನ್ನು ಅದು ಇಲ್ಲವಾಗಿಸಿದ್ದು ದೊಡ್ಡ ಉಪಕಾರವೇ. ನಾನು ಕೊಂಡು ತಂದ ದಿನ, ಇಪ್ಪತ್ತು ವರ್ಷಗಳಿಂದ ನಮ್ಮಲ್ಲಿ ಕೊಯ್ಯುವ ತಂಡದ ಹಿರಿಯರಿಗೆ ಅದನ್ನು ತೋರಿಸಿ, ಇನ್ನು ಕರೆಂಟಿನ ಹೆದರಿಕೆ ಇಲ್ಲ, ಇದು ಫೈಬರ್ ಎಂದು ಜಂಬದಿಂದಲೇ ಹೇಳಿದೆ. ಅವರು ದೋಟಿಯನ್ನು ಕೈಯಲ್ಲಿ ತೂಗಿ ನೋಡಿ, "ಅಣ್ಣೇರೇ, ಇದಕ್ಕೂ ಕರೆಂಟ್ ಹೊಡೆಯುತ್ತದೆ ಅಂತ ಪುತ್ತೂರು ಕಡೆಯವರು ಹೇಳಿದ್ದಾರೆ. ನೀವು ಓದಿದವರು, ಒಮ್ಮೆ ನೋಡಿ" ಎಂದರು. ನೋಡಿದೆ. ಕಾರ್ಬನ್ ನಾರು ವಿದ್ಯುತ್ತನ್ನು ಹರಿಯಬಿಡುತ್ತದೆ. ಹರಿಯಬಿಡದಿರುವುದು ಗಾಜಿನ ನಾರಿನ ಫೈಬರ್. ನಾವು ಫೈಬರ್ ಎಂಬ ಒಂದೇ ಶಬ್ದವನ್ನು ಕುರ್ಚಿಗೂ ಮನೆಯ ಮಾಡಿಗೂ ದೋಟಿಗೂ ಬಳಸಿ, ಎಲ್ಲವೂ ಪ್ಲಾಸ್ಟಿಕ್ಕಿನ ತಮ್ಮಂದಿರು ಎಂದು ತಿಳಿದಿದ್ದೆವು. ದೋಟಿಯ ಜೊತೆಗೆ ಬಂದಿದ್ದ ಪುಸ್ತಿಕೆಯಲ್ಲಿ ಎಚ್ಚರಿಕೆ ಇತ್ತು, ಇಂಗ್ಲಿಷಿನಲ್ಲಿ, ಸಣ್ಣ ಮಿಂಚಿನ ಚಿತ್ರದ ಪಕ್ಕದಲ್ಲಿ.

ಆ ಮೇಲೆ ಅವರನ್ನು ಕೂರಿಸಿಕೊಂಡು, ಆ ಯುವಕ ತೀರಿಕೊಂಡ ದಿನವೇ ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಕೇಳಿದೆ. ಅವರಿಗೆ ಎಲ್ಲವೂ ಗೊತ್ತಿತ್ತು. ಕೊಯ್ಯುವಾಗ ಅಪಾಯ ಕಡಿಮೆಯಂತೆ, ಆಗ ಕಣ್ಣು ದೋಟಿಯ ತುದಿಯಲ್ಲಿಯೇ ಇರುತ್ತದೆ. ಒಂದು ಮರ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ದೋಟಿ ನೆಟ್ಟಗೆ ನಿಂತಿರುತ್ತದೆ, ಕಣ್ಣು ಮಾತ್ರ ಕಾಲ ಕೆಳಗಿನ ನೀರಿನ ಕಣಿಯನ್ನು ನೋಡುತ್ತಿರುತ್ತದೆ. ತಂತಿ ಹಿಡಿಯುವುದು ಆಗ. ಫೆಬ್ರವರಿ ಮಾರ್ಚಿನ ಬಿಸಿಲಿಗೆ ತಂತಿ ಜೋತು ಇನ್ನಷ್ಟು ಕೆಳಗೆ ಬರುತ್ತದೆ. 2010ರ ವಿದ್ಯುತ್ ಸುರಕ್ಷತಾ ನಿಯಮಗಳಂತೆ ರಸ್ತೆಯಲ್ಲದ ಜಾಗದಲ್ಲಿ 11 ಕೆವಿ (11,000 ವೋಲ್ಟ್) ವರೆಗಿನ, ಹೊದಿಕೆಯಿಲ್ಲದ ಬರಿ ತಂತಿ ನೆಲದಿಂದ 4.6 ಮೀಟರ್ ಎತ್ತರದಲ್ಲಿದ್ದರೆ ಸಾಕಿತ್ತು, ಎಂದರೆ ಹದಿನೈದು ಅಡಿ. ನಮ್ಮ ದೋಟಿ ಅದರ ನಾಲ್ಕು ಪಾಲು ಉದ್ದ. ಹಾಗಾದರೆ ಪ್ರತಿ ಸಲ ದೋಟಿ ಇಳಿಸಿ ಗಿಡ್ಡ ಮಾಡಿಕೊಂಡು ಹೋಗಬಾರದೇ ಎಂದೆ. ಅವರು ನಕ್ಕರು. "ಗೊನೆ ಲೆಕ್ಕದಲ್ಲಿ ಸಂಬಳ ಅಲ್ಲವಾ? ಇಳಿಸಿ ಏರಿಸಿ ಮಾಡಿದರೆ ದಿನಕ್ಕೆ ಈಗಿನ ಅರ್ಧದಷ್ಟು ಗೊನೆಯೂ ಆಗುವುದಿಲ್ಲ."

ವಿಟ್ಲದಲ್ಲಿ ಅಡಿಕೆ ಕೊಯ್ಯುವವರಿಗಾಗಿ ತರಬೇತಿ ಶಿಬಿರಗಳು ನಡೆದಿವೆ, ಯಜಮಾನರಿಗಲ್ಲದೆ ಕೆಲಸ ಮಾಡುವವರಿಗೇ ಕಲಿಸುವ ಆ ಕ್ರಮ ನನಗೆ ಸರಿ ಕಾಣುತ್ತದೆ. ಆದರೆ ಸಂಬಳದ ಲೆಕ್ಕವನ್ನು ಶಿಬಿರ ಬದಲಿಸಲಾರದು, ಅದು ನನ್ನ ಕೈಯಲ್ಲಿರುವುದು. ನಮ್ಮ ತೋಟದಲ್ಲಿ ತಂತಿಯ ಕೆಳಗೂ ಅಕ್ಕಪಕ್ಕದಲ್ಲಿಯೂ ಇಪ್ಪತ್ತಮೂರು ಮರಗಳಿವೆ. ಅವುಗಳ ಕೊಯ್ಲಿಗೆ ದಿನದ ಲೆಕ್ಕ ಎಂದು ಒಪ್ಪಿಕೊಂಡೆವು. ಹಿರಿಯರು, ತೆಂಕಣ ಅಂಚಿನ ಮರಗಳಿಗೆ ಬಿಸಿಲು ತಡೆಯಲೆಂದು ಬಳಿಯುತ್ತಿದ್ದ ಸುಣ್ಣದಲ್ಲಿ ಉಳಿದದ್ದನ್ನು ಕೇಳಿ ಪಡೆದು, ತೆಂಗಿನ ಸಿಪ್ಪೆಯ ತುಂಡಿನಿಂದ ಆ ಇಪ್ಪತ್ತಮೂರು ಮರಗಳಿಗೆ ಎದೆಯ ಎತ್ತರದಲ್ಲಿ ಎರಡೆರಡು ಗೆರೆ ಸುತ್ತಿದರು. ಗೆರೆಯ ಮರ ಕಂಡರೆ ದೋಟಿ ಮಡಚಬೇಕು, ಮಡಚದೆ ದಾಟಬಾರದು. ತುಳು ತಿಳಿದವನಿಗೂ ಹಿಂದಿಯವನಿಗೂ ಒಂದೇ ಗೆರೆ.

ಕಳೆದ ಡಿಸೆಂಬರಿನಲ್ಲಿ ಬೆಳ್ಳಾರೆಯ ಆಚೆಗಿರುವ ಭಾವನ ಮನೆಗೆ ಪೂಜೆಗೆ ಹೋಗಿದ್ದೆ. ಊಟವಾದ ಮೇಲೆ ತೋಟಕ್ಕೆ ಇಳಿದಾಗ, ಪಂಪುಶೆಡ್ಡಿಗೆ ಹೋಗುವ ತಂತಿಯ ಕೆಳಗಿನ ಮರಗಳಲ್ಲಿ ಎದೆಯ ಎತ್ತರಕ್ಕೆ ಸುಣ್ಣದ ಎರಡು ಗೆರೆಗಳಿದ್ದವು. ನಾನು ಅವನಿಗೆ ಈ ವಿಷಯ ಎಂದೂ ಹೇಳಿದ್ದಿಲ್ಲ. ಇದು ಎಂತಕ್ಕೆ ಭಾವ ಎಂದು ಕೇಳಿದೆ. ಅವನು ಎಲೆ ಅಡಿಕೆ ಜಗಿಯುತ್ತ ಒಮ್ಮೆ ಮರದ ಕಡೆಗೆ ನೋಡಿ, "ಕೊಯ್ಲಿನವರು ಹಾಕಿದ್ದು. ಎಂತದೋ ಗೊನೆಯ ಲೆಕ್ಕಕ್ಕೆ ಇರಬೇಕು, ನಾನು ಕೇಳಲಿಲ್ಲ" ಎಂದ.