ಎಣ್ಣೆ ಪ್ಯಾಕೆಟ್ ಮೇಲಿನ ತಾರೀಖು

ದಾವಣಗೆರೆ
12 ಜನವರಿ 2025, ಭಾನುವಾರ

ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ನಡೆದು ಬಂದೆ. ಚಳಿ ಜಾಸ್ತಿ ಇತ್ತು. ಸ್ವೆಟರ್ ಹಾಕಿಕೊಂಡೇ ಒಂದು ಸುತ್ತು ಮುಗಿಸಿದೆ. ಮನೆಗೆ ಬಂದು ತೂಕ ನೋಡಿದೆ. 68.5 ಕೆಜಿ. ವಾರಕ್ಕೆ ಒಂದೇ ಸಲ, ಭಾನುವಾರ ಖಾಲಿ ಹೊಟ್ಟೆಯಲ್ಲಿ ನೋಡುತ್ತೇನೆ. ದಿನಾ ನೋಡಿದರೆ ಒಂದು ದಿನ ಅರ್ಧ ಕೆಜಿ ಏರಿರುತ್ತದೆ, ಮಾರನೇ ದಿನ ಇಳಿದಿರುತ್ತದೆ. ಅದು ಹೆಚ್ಚಾಗಿ ಮೈಯಲ್ಲಿನ ನೀರಿನ ಲೆಕ್ಕ. ಸುಮ್ನೆ ಮನಸ್ಸು ಕೆಡುತ್ತದೆ.

ಆಗಸ್ಟ್‌ನಲ್ಲಿ 74 ಇತ್ತು. ನನ್ನ ಎತ್ತರ 155 ಸೆಂ.ಮೀ. ಕಾಲೇಜಿನಲ್ಲಿ ನಮಗೆಲ್ಲ ಆರೋಗ್ಯ ತಪಾಸಣೆ ಮಾಡಿಸಿದಾಗ ಡಾಕ್ಟರಮ್ಮ ತೂಕಕ್ಕಿಂತ ಮೊದಲು ಟೇಪ್ ಹಿಡಿದು ಹೊಟ್ಟೆಯ ಸುತ್ತಳತೆ ನೋಡಿದರು. 94 ಸೆಂ.ಮೀ. ನಮ್ಮ ದೇಶದ ಹೆಂಗಸರಿಗೆ 80, ಗಂಡಸರಿಗೆ 90 ದಾಟಬಾರದು ಎಂದರು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆಯಲ್ಲಿ 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತ ಹಾಗೆ. ಅಮ್ಮ ಇಪ್ಪತ್ತು ವರ್ಷದಿಂದ ಮಾತ್ರೆ ನುಂಗುವುದನ್ನು ನೋಡಿದ್ದೇನೆ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಹಿಂದೆ ಎರಡು ಸಲ ತೂಕ ಇಳಿಸಿದ್ದೆ. ಒಂದು ಸಲ ಡಬ್ಬಿ ಪುಡಿ ಕಲಸಿ ಕುಡಿದೆ. ತಿಂಗಳಲ್ಲಿ 4 ಕೆಜಿ ಹೋಯಿತು, ಬಿಟ್ಟ ಮೇಲೆ 5 ಕೆಜಿ ಬಂತು. ಇನ್ನೊಂದು ಸಲ ನನಗೊಬ್ಬಳಿಗೆ ಓಟ್ಸ್, ಹಸಿ ತರಕಾರಿ. ಮನೆಯವರಿಗೆ ಮಾಮೂಲಿ ಅಡುಗೆ. ಕಾಲೇಜಿಗೂ ಹೋಗಿ, ಮನೆಯಲ್ಲಿ ಎರಡೆರಡು ಅಡುಗೆ ಮಾಡುವುದು ಎಷ್ಟು ದಿನ ಆದೀತು? ಮೂರು ವಾರಕ್ಕೆ ಸಾಕಾಯಿತು. ಈ ಸಲ ಮನೆ ಅಡುಗೆಯನ್ನೇ ಬದಲಾಯಿಸೋಣ ಅಂದುಕೊಂಡೆ. ಎಲ್ಲರೂ ಉಣ್ಣುವುದನ್ನೇ ನಾನೂ ಉಣ್ಣಬೇಕು.

ಮೊದಲು ಕೈ ಹಾಕಿದ್ದು ಎಣ್ಣೆಗೆ. ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯತೊಡಗಿದೆ. ಅಷ್ಟೇ, ಬೇರೇನೂ ಮಾಡಲಿಲ್ಲ. ಸೆಪ್ಟೆಂಬರ್ ಕೊನೆಗೆ ಖಾಲಿ ಪ್ಯಾಕೆಟ್ ಎಣಿಸಿದರೆ ಆರು! ನಾವು ಇರುವುದು ನಾಲ್ಕು ಜನ. ಒಂದು ಲೀಟರ್ ಎಂದರೆ ಸುಮಾರು 910 ಗ್ರಾಂ. ಲೆಕ್ಕ ಹಾಕಿದರೆ ಒಬ್ಬೊಬ್ಬರ ಹೊಟ್ಟೆಗೆ ದಿನಕ್ಕೆ 45 ಗ್ರಾಂ. ಡಾಕ್ಟರಮ್ಮ ಹೇಳಿದ್ದು 20ರಿಂದ 25. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ನಾನು ಮುಕ್ಕಾಲು ಗಂಟೆ ಕೆರೆ ಸುತ್ತಿ ಕರಗಿಸಿದ್ದಷ್ಟು ಬಾಣಲೆಯಿಂದ ವಾಪಸ್ ಬರುತ್ತಿತ್ತು.

ಆಮೇಲೆ ಕ್ಯಾನಿನಿಂದ ನೇರ ಸುರಿಯುವುದನ್ನು ಬಿಟ್ಟೆ. ಒಲೆ ಪಕ್ಕ ಒಂದು ಚಿಕ್ಕ ಬಟ್ಟಲು, ಅದರಲ್ಲೊಂದು ಚಮಚ. ಬೆಳಿಗ್ಗೆ ಆ ದಿನದ ಎಣ್ಣೆಯನ್ನು ಬಟ್ಟಲಿಗೆ ಅಳೆದು ಹಾಕುತ್ತೇನೆ. ರಾತ್ರಿಯವರೆಗೆ ಅಷ್ಟರಲ್ಲೇ ಆಗಬೇಕು. ಕರಿದ ಎಣ್ಣೆ ಉಳಿಸಿ ಒಗ್ಗರಣೆಗೆ ಬಳಸುವುದೂ ನಿಂತಿತು, ಯಾಕೆಂದರೆ ಕರಿಯುವುದೇ ತಿಂಗಳಿಗೆ ಒಂದೆರಡು ಸಲ.

ಅತ್ತೆಗೆ ಮೊದಲು ಸರಿ ಬರಲಿಲ್ಲ. "ಎಣ್ಣಿ ಇಲ್ದ ಪಲ್ಯ ಏನ್ ರುಚಿ ಇರ್ತೈತವ್ವ?" ಎಂದರು. ಅವರ ಮಾತೂ ನಿಜ. ಮೊದಲ ವಾರದ ಬೀನ್ಸ್ ಪಲ್ಯವನ್ನು ಮಗ ಮುಟ್ಟಲೇ ಇಲ್ಲ. ಆಮೇಲೆ ದಾರಿ ತೋರಿಸಿದ್ದೂ ಅತ್ತೆಯೇ. ಅವರ ತವರಿನಲ್ಲಿ ಗಾಣದ ಎಣ್ಣೆಯನ್ನು ವಾರಕ್ಕೊಂದು ಸಣ್ಣ ಸೀಸೆ ತರುತ್ತಿದ್ದರಂತೆ. ಪಲ್ಯ ಮುಚ್ಚಳ ಮುಚ್ಚಿ ನೀರಿನಲ್ಲೇ ಬೇಯಿಸಿ, ಕೊನೆಗೆ ಒಂದು ಚಮಚ ಗುರೆಳ್ಳು ಪುಡಿ ಹಾಕುತ್ತಿದ್ದರಂತೆ. ಹಾಗೇ ಮಾಡಿದೆವು. ಮಗ ಎರಡನೇ ಸಲ ಹಾಕಿಸಿಕೊಂಡ. ಡಿಸೆಂಬರ್‌ನಲ್ಲಿ ಖಾಲಿಯಾದ ಪ್ಯಾಕೆಟ್ ಮೂರೂವರೆ. ದಿನಕ್ಕೆ ತಲೆಗೆ ಹತ್ತಿರ ಹತ್ತಿರ 26 ಗ್ರಾಂ. ಇನ್ನೂ ಸ್ವಲ್ಪ ಇಳಿಯಬೇಕು.

ಚಹಾದ ವಿಷಯ ಸುಲಭವಾಗಿ ಆಯಿತು. ದಿನಕ್ಕೆ ನಾಲ್ಕು ಸಲ, ಪ್ರತಿ ಸಲ ಎರಡು ಚಮಚ ಸಕ್ಕರೆ. ಅಂದರೆ ಬರೀ ಚಹಾದಲ್ಲೇ ಹತ್ತಿರ ಹತ್ತಿರ 40 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದಿನವಿಡೀ ಸೇರಿ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ. ಒಮ್ಮೆಗೇ ಬಿಡಲಿಲ್ಲ. ಹತ್ತು ದಿನಕ್ಕೆ ಅರ್ಧ ಚಮಚದಂತೆ ಕಡಿಮೆ ಮಾಡಿದೆ. ಈಗ ಎರಡೇ ಸಲ, ಅರ್ಧರ್ಧ ಚಮಚ. ಬೆಲ್ಲ ಹಾಕಿದರೆ ಪರವಾಗಿಲ್ಲ ಅಂತ ಸ್ಟಾಫ್ ರೂಮಿನಲ್ಲಿ ಹೇಳುತ್ತಾರೆ. ಬೆಲ್ಲವೂ ಸಕ್ಕರೆಯೇ ಅಲ್ವಾ?

ರಾಗಿಯ ಬಗ್ಗೆಯೂ ಇಂಥದ್ದೇ ನಂಬಿಕೆ ನನಗಿತ್ತು. ಮುದ್ದೆ ಉಂಡರೆ ತೂಕ ತಾನಾಗಿ ಇಳಿಯುತ್ತದೆ ಅಂದುಕೊಂಡಿದ್ದೆ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಷ್ಟೇ ಅಕ್ಕಿಯಲ್ಲಿ ಸುಮಾರು 355. ದೊಡ್ಡ ವ್ಯತ್ಯಾಸವೇನಿಲ್ಲ. ಆದರೆ ನಾರು ರಾಗಿಯಲ್ಲಿ 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಕೂಡ ಇಲ್ಲ. ಅದಕ್ಕೇ ಮುದ್ದೆ ಉಂಡರೆ ಬೇಗ ಹಸಿವಾಗುವುದಿಲ್ಲ. ಈಗ ಮುದ್ದೆಯೂ ಚಿಕ್ಕದು, ಜೋಳದ ರೊಟ್ಟಿಯೂ ಎರಡೇ. ತಟ್ಟೆಗೆ ಮೊದಲು ಬೀಳುವುದು ಪಲ್ಯ, ಕೋಸಂಬರಿ, ಮೊಳಕೆ ಹೆಸರುಕಾಳು ಅಥವಾ ಹುರುಳಿಕಾಳು. ಅರ್ಧ ತಟ್ಟೆ ಅದರಲ್ಲೇ ತುಂಬಿದ ಮೇಲೆ ರೊಟ್ಟಿ. ಅರ್ಧ ತಟ್ಟೆ ತರಕಾರಿ, ಹಣ್ಣು ಇರಲಿ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರೂ ಹೇಳುತ್ತಾರೆ.

ನವೆಂಬರ್‌ನಲ್ಲಿ ಮೂರು ವಾರ ತೂಕ 70ರಲ್ಲೇ ನಿಂತುಬಿಟ್ಟಿತು. ದೀಪಾವಳಿ ಮುಗಿದು ಎಷ್ಟೋ ದಿನ ಆಗಿತ್ತು. ತುಂಬ ಬೇಜಾರಾಯಿತು. ಎಲ್ಲಿ ತಪ್ಪುತ್ತಿದೆ ಎಂದು ನಾಲ್ಕು ದಿನ ಬಾಯಿಗೆ ಹಾಕಿಕೊಂಡದ್ದನ್ನೆಲ್ಲ ಬರೆದಿಟ್ಟೆ. ಉತ್ತರ ಸಿಕ್ಕಿತು. ಮಗ ತಟ್ಟೆಯಲ್ಲಿ ಬಿಟ್ಟ ಅನ್ನ. ಪಾತ್ರೆ ತಳದಲ್ಲಿ ಉಳಿದ ಉಪ್ಪಿಟ್ಟು. ನಾಳೆಗೆ ಕೆಡುತ್ತದೆ ಅಂತ ಮೊಸರು ಹಾಕಿ ಕಲಸಿದ ಎರಡು ಸೌಟು. ಊಟದ ಲೆಕ್ಕಕ್ಕೆ ಇವು ಬಂದೇ ಇರಲಿಲ್ಲ. ಕೊನೆಗೆ ಉಣ್ಣುವ ಹೆಂಗಸಿಗೆ ಅನ್ನ ಚೆಲ್ಲಲು ಕೈ ಬರುವುದಿಲ್ಲ. ನಮ್ಮ ಅಮ್ಮನೂ ಹೀಗೇ ಮಾಡುತ್ತಿದ್ದಳು, ಅತ್ತೆಯೂ ಹೀಗೇ. ಅದನ್ನು ಬರೆದ ಪುಟ ನೋಡಿದಾಗ ನನಗೆ ಕಣ್ಣು ತುಂಬಿ ಬಂತು.

ಚೆಲ್ಲುವುದು ನನ್ನಿಂದ ಈಗಲೂ ಆಗುವುದಿಲ್ಲ. ಅದಕ್ಕೆ ಅಕ್ಕಿಯನ್ನೇ ಕಡಿಮೆ ಹಾಕುತ್ತೇನೆ. ಉಳಿಯುವಷ್ಟು ಮಾಡುವುದಿಲ್ಲ. ಎಲ್ಲರ ಜೊತೆಗೇ ಕೂತು ಉಣ್ಣುತ್ತೇನೆ. ಬೇಕಾದವರು ತಾವೇ ಬಡಿಸಿಕೊಳ್ಳುತ್ತಾರೆ. ರಾತ್ರಿ ಊಟ ಎಂಟಕ್ಕೆ ಮುಗಿಯುತ್ತದೆ. ಆಮೇಲೆ ನಮ್ಮವರೂ ನಾನೂ ಬೀದಿಯಲ್ಲಿ ಕಾಲು ಗಂಟೆ ಅಡ್ಡಾಡುತ್ತೇವೆ. ಉಂಡ ಮೇಲೆ ನಡೆದರೆ ಸ್ನಾಯುಗಳು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ಮನೆ ಮಾತು ಆಡಲೂ ನಮಗೆ ಅದೊಂದೇ ಹೊತ್ತು.

ಮಂಡಕ್ಕಿ ಬಿಟ್ಟಿಲ್ಲ. ಈ ಊರಲ್ಲಿದ್ದು ಅದು ಹೇಗೆ ಸಾಧ್ಯ? ಈರುಳ್ಳಿ, ಟೊಮೆಟೊ, ಕ್ಯಾರೆಟ್, ಒಂದು ಹಿಡಿ ಹುರಿಗಡಲೆ ಹಾಕಿ ಸಂಜೆ ಮನೆಯಲ್ಲೇ ಕಲಸುತ್ತೇನೆ. ಜೊತೆಗೆ ಬರುತ್ತಿದ್ದ ಮಿರ್ಚಿಯನ್ನು ಮಾತ್ರ ಬಿಟ್ಟೆ. ಬೆಣ್ಣೆದೋಸೆಗೆ ತಿಂಗಳಿಗೊಂದು ಭಾನುವಾರ. ಆವತ್ತು ಬೆಣ್ಣೆ ಕಡಿಮೆ ಹಾಕಿ ಎಂದು ಹೇಳುವುದಿಲ್ಲ, ಪೂರ್ತಿ ಖುಷಿಯಿಂದ ತಿನ್ನುತ್ತೇನೆ.

ಸುತ್ತಳತೆ ಈಗ 88. ರಕ್ತಪರೀಕ್ಷೆ ಮುಂದಿನ ತಿಂಗಳು.

ನಾಳೆ ಭೋಗಿ, ನಾಡಿದ್ದು ಸಂಕ್ರಾಂತಿ. ಎಳ್ಳುಬೆಲ್ಲ ಹಬ್ಬದ ದಿನ ತಿಂದೇ ತಿನ್ನುತ್ತೇನೆ. ಬೇರೆ ಮನೆಗಳಿಂದ ಬಂದದ್ದನ್ನು ಡಬ್ಬಿಗೆ ಹಾಕಿ ಅತ್ತೆ ಕೈಗೆ ಕೊಡುವುದು ಎಂದು ಮಾತಾಗಿದೆ. ಅವರೇ ದಿನಾ ಒಂದೊಂದು ಚಮಚ ಹಂಚುತ್ತಾರೆ. ಎಣಗಾಯಿಗೆ ಎಷ್ಟು ಎಣ್ಣೆ ಎಂದು ಕೇಳಿದ್ದಕ್ಕೆ, "ಹಬ್ಬೈತಿ, ನಾಕ್ ಚಮಚ ಕೊಡವ್ವ, ಅಷ್ಟ್ರಾಗ ಮಾಡ್ತೀನಿ" ಎಂದರು. ಸಜ್ಜೆ ಹಿಟ್ಟು ಬೀಸಿಕೊಂಡು ಬಂದಾಯಿತು. ಎಳ್ಳು ಆರಿಸಿಟ್ಟಿದ್ದೇನೆ.

ನಾಳೆ ಬೆಳಿಗ್ಗೆ ಕೆರೆಗೆ ಹೋಗುವುದಿಲ್ಲ. ರೊಟ್ಟಿ ತಟ್ಟುವುದಿದೆ.