ಸರ್ವಿಸ್ ಶುರುವಾದರೆ ಸಾಲದು, ಸರಿಯಾಗಿ ನಿಲ್ಲಲೂ ಬೇಕು

ಪುಣೆ ಪಕ್ಕದ ಪಿಂಪ್ರಿ-ಚಿಂಚ್‌ವಡ್, ಭೋಸರಿ ಕಡೆಯ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರಿಗೆ ಗುರುವಾರ ಅಂದರೆ ಏನು ಅಂತ ಗೊತ್ತು. ಇಲ್ಲಿ ಬಹುತೇಕ ಕಾರ್ಖಾನೆಗಳಿಗೆ ವಾರದ ರಜೆ ಅವತ್ತು. ಲೈನ್ ರಿಪೇರಿಗೆಂದು ಕರೆಂಟ್ ತೆಗೆಯುವುದೂ ಹೆಚ್ಚಾಗಿ ಅವತ್ತೇ. ನಾನು ಸಿಸ್ಟಮ್ ಅಡ್ಮಿನ್ ಆಗಿರುವುದು ಅಂಥದೇ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ. ಕರೆಂಟ್ ಹೋಯಿತು ಅಂದರೆ ಯುಪಿಎಸ್ ಸಂದೇಶ ಕಳಿಸುತ್ತದೆ, ಸರ್ವರ್‌ಗಳು ಒಂದೊಂದಾಗಿ ಬಂದ್ ಆಗುತ್ತವೆ, ಸಂಜೆ ಮತ್ತೆ ಏಳುತ್ತವೆ. ಬೇರೆ ಕಡೆ ಸರ್ವರ್ ಒಂದು ಸಲ ಎದ್ದರೆ ತಿಂಗಳುಗಟ್ಟಲೆ ನಿಲ್ಲುವುದಿಲ್ಲ. ಹಾಗಾಗಿ ಸರ್ವಿಸನ್ನು (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಮನ್ನು) ಶುರುಮಾಡುವ, ನಿಲ್ಲಿಸುವ ಸ್ಟಾರ್ಟ್‌ಅಪ್ ಸ್ಕ್ರಿಪ್ಟಿನ 'ಸ್ಟಾಪ್' ಭಾಗ ಸರಿ ಇದೆಯೋ ಇಲ್ಲವೋ ಯಾರ ಗಮನಕ್ಕೂ ಬರುವುದಿಲ್ಲ. ನಮ್ಮಲ್ಲಿ ಅದಕ್ಕೆ ಪ್ರತಿ ವಾರ ಪರೀಕ್ಷೆ. ಆ ಭಾಗದ ಬಗ್ಗೆ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಷಿನ್‌ಗಳಿಂದ ಉತ್ಪಾದನೆಯ ಲೆಕ್ಕ ತಂದು ಡೇಟಾಬೇಸಿಗೆ ಸೇರಿಸುವ ಒಂದು ಜಾವಾ ಸರ್ವಿಸ್ ನಮ್ಮಲ್ಲಿದೆ. ಅದು ಬಂದ ದಾಖಲೆಗಳನ್ನು ಮೆಮೊರಿಯಲ್ಲಿ ಇಟ್ಟುಕೊಂಡು, 500 ತುಂಬಿದ ಮೇಲೆ ಒಟ್ಟಿಗೆ ಬರೆಯುತ್ತದೆ. ನಿಲ್ಲು ಅಂತ ಟರ್ಮ್ ಸಿಗ್ನಲ್ ಬಂದರೆ, ಉಳಿದದ್ದನ್ನೂ ಬರೆದು, ಮಷಿನ್‌ಗಳ ಸಂಪರ್ಕ ಕಳಚಿ, ಆಮೇಲೆ ನಿಲ್ಲುತ್ತದೆ. ಇಷ್ಟಕ್ಕೆ ಇಪ್ಪತ್ತು-ಮೂವತ್ತು ಸೆಕೆಂಡ್ ಬೇಕು. ಸಾಫ್ಟ್‌ವೇರ್ ಕೊಟ್ಟವರೇ ಅದಕ್ಕೊಂದು ಇನಿಟ್ ಸ್ಕ್ರಿಪ್ಟ್ (ಸ್ಟಾರ್ಟ್‌ಅಪ್ ಸ್ಕ್ರಿಪ್ಟಿನ ಇನ್ನೊಂದು ಹೆಸರು) ಬರೆದುಕೊಟ್ಟಿದ್ದರು. ಸರ್ವರ್ ಆಗ ರೆಡ್‌ಹ್ಯಾಟ್ ಕುಟುಂಬದ ಲಿನಕ್ಸ್ ಆದ ಸೆಂಟ್‌ಓಎಸ್ 6ರಲ್ಲಿತ್ತು. ಬುಧವಾರ ನೈಟ್ ಶಿಫ್ಟಿನ ಲೆಕ್ಕ ಮಾತ್ರ ಸೂಪರ್‌ವೈಸರ್ ರಿಜಿಸ್ಟರಿಗೆ ತಾಳೆ ಆಗುತ್ತಿರಲಿಲ್ಲ. ಪ್ರತಿ ಸಲ ಕೊನೆಯ ಸ್ವಲ್ಪ ಭಾಗ ಮಾಯ. ಕೈಯಿಂದ 'ಸ್ಟಾಪ್' ಕೊಟ್ಟರೆ ಎಲ್ಲವೂ ಸರಿ. ಸರ್ವರ್ ತಾನೇ ಬಂದ್ ಆದಾಗ ಮಾತ್ರ ತಪ್ಪು.

ಕಾರಣ ಸ್ಕ್ರಿಪ್ಟಿನಲ್ಲಿ ಬರೆದದ್ದರಲ್ಲಿ ಇರಲಿಲ್ಲ, ಬರೆಯದೇ ಬಿಟ್ಟದ್ದರಲ್ಲಿತ್ತು. ರೆಡ್‌ಹ್ಯಾಟ್ ಕುಟುಂಬದ ಹಳೆಯ ಆವೃತ್ತಿಗಳಲ್ಲಿ, ಬಂದ್ ಆಗುವಾಗ ಯಾವ ಸರ್ವಿಸ್ ನಿಲ್ಲಿಸಬೇಕು ಅಂತ ನಿರ್ಧರಿಸುವುದು /ಇಟಿಸಿ/ಆರ್‌ಸಿ.ಡಿ/ಆರ್‌ಸಿ ಎಂಬ ಸ್ಕ್ರಿಪ್ಟ್. ಅದು 'ಕೆ' ಅಕ್ಷರದಿಂದ ಶುರುವಾಗುವ ಲಿಂಕುಗಳನ್ನು ಒಂದೊಂದಾಗಿ ನೋಡುತ್ತದೆ. ಆದರೆ ಓಡಿಸುವ ಮುಂಚೆ /ವಾರ್/ಲಾಕ್/ಸಬ್‌ಸಿಸ್ ಒಳಗೆ ಅದೇ ಹೆಸರಿನ ಫೈಲ್ ಇದೆಯಾ ಅಂತ ಕೇಳುತ್ತದೆ. ಇಲ್ಲದಿದ್ದರೆ 'ಈ ಸರ್ವಿಸ್ ಶುರುವೇ ಆಗಿಲ್ಲ' ಅಂತ ತಿಳಿದು ಮುಂದಕ್ಕೆ ಹೋಗುತ್ತದೆ. ಎರರ್ ಇಲ್ಲ, ಲಾಗಿನಲ್ಲಿ ಒಂದು ಸಾಲೂ ಇಲ್ಲ. ಆ ಖಾಲಿ ಫೈಲನ್ನು ಸ್ಟಾರ್ಟ್ ಆದಾಗ 'ಟಚ್' ಮಾಡಿ ಇಡುವುದು, ಸ್ಟಾಪ್ ಆದಾಗ ತೆಗೆಯುವುದು ಸರ್ವಿಸಿನ ಸ್ಕ್ರಿಪ್ಟ್ ಬರೆದವರ ಹೊಣೆ. ನಮ್ಮ ಸ್ಕ್ರಿಪ್ಟ್ ಅದನ್ನು ಮಾಡುತ್ತಲೇ ಇರಲಿಲ್ಲ. ಹಾಗಾಗಿ ಬಂದ್ ಆಗುವ ಹೊತ್ತಿಗೆ ನಮ್ಮ 'ಸ್ಟಾಪ್' ಓಡುತ್ತಲೇ ಇರಲಿಲ್ಲ. ಕೊನೆಯಲ್ಲಿ ಉಳಿದ ಎಲ್ಲ ಪ್ರೊಸೆಸ್‌ಗಳಿಗೂ (ಓಡುತ್ತಿರುವ ಪ್ರೋಗ್ರಾಮ್‌ಗಳಿಗೂ) ಒಮ್ಮೆ ಟರ್ಮ್, ಕೆಲವೇ ಸೆಕೆಂಡ್ ಬಿಟ್ಟು ಕಿಲ್ (ತಕ್ಷಣ ಕೊಲ್ಲುವ ಸಿಗ್ನಲ್) ಕಳಿಸುತ್ತಾರಲ್ಲ, ಅದರಲ್ಲಿ ನಮ್ಮ ಜಾವಾ ಸಾಯುತ್ತಿತ್ತು. ಆ ಹೊತ್ತಿಗೆ ಡೇಟಾಬೇಸ್ ಆಗಲೇ ನಿಂತಿರುತ್ತದೆ. ಬರೆಯಲಿಕ್ಕೆ ಜಾಗವೇ ಇಲ್ಲ.

ಆ ಖಾಲಿ ಫೈಲಿಗೆ ಲಾಕ್ ಫೈಲ್ ಅನ್ನುತ್ತಾರೆ. ಅದರ ಹೆಸರು ಸ್ಕ್ರಿಪ್ಟಿನ ಹೆಸರೇ ಆಗಿರಬೇಕು ಅನ್ನುವುದನ್ನೂ ಗಮನಿಸಿ. ಲಿಂಕಿನ ಹೆಸರಿನಿಂದ 'ಕೆ' ಮತ್ತು ಎರಡು ಅಂಕಿ ತೆಗೆದರೆ ಉಳಿಯುವುದೇ ಆ ಹೆಸರು. ಒಂದಕ್ಷರ ಆಚೀಚೆ ಆದರೂ ಮೇಲಿನ ಕಥೆಯೇ.

ಸಿಸ್ಟಮ್ ಜೊತೆಗೇ ಬರುವ ಹೆಲ್ಪರ್ ಫಂಕ್ಷನ್‌ಗಳ ಫೈಲನ್ನು ನಾನು ಸಾಲು ಸಾಲಾಗಿ ಓದಿದ್ದು ಇದಾದ ಮೇಲೆ. ಸೆಂಟ್‌ಓಎಸ್ 6ರಲ್ಲಿ ಅದು /ಇಟಿಸಿ/ಇನಿಟ್.ಡಿ/ಫಂಕ್ಷನ್ಸ್. ಸ್ಕ್ರಿಪ್ಟಿನ ಮೇಲ್ಗಡೆ ಚುಕ್ಕಿ ಇಟ್ಟು ಅದನ್ನು ಒಳಗೆ ಕರೆದುಕೊಂಡರೆ ಸರ್ವಿಸ್ ಶುರುಮಾಡುವ ಡೀಮನ್, ನಿಲ್ಲಿಸುವ ಕಿಲ್‌ಪ್ರಾಕ್, ಪ್ರೊಸೆಸಿನ ನಂಬರ್ ಹುಡುಕುವ ಪಿಡ್‌ಆಫ್‌ಪ್ರಾಕ್, ಸ್ಟೇಟಸ್, ಹಸಿರು ಬಣ್ಣದ 'ಓಕೆ' ಬರೆಯುವ ಸಕ್ಸೆಸ್, ಇವೆಲ್ಲ ಸಿಗುತ್ತವೆ. ಡೆಬಿಯನ್ ಎಂಬ ಇನ್ನೊಂದು ಲಿನಕ್ಸಿನಲ್ಲಿ ಇದೇ ಕೆಲಸಕ್ಕೆ /ಲಿಬ್/ಎಲ್‌ಎಸ್‌ಬಿ/ಇನಿಟ್-ಫಂಕ್ಷನ್ಸ್ ಮತ್ತು ಸ್ಟಾರ್ಟ್-ಸ್ಟಾಪ್-ಡೀಮನ್ ಇವೆ. ಪ್ರತಿಯೊಬ್ಬರೂ ತಮ್ಮ ಸ್ಕ್ರಿಪ್ಟಿನಲ್ಲಿ ಪಿಐಡಿ (ಪ್ರೊಸೆಸಿಗೆ ಸಿಸ್ಟಮ್ ಕೊಡುವ ನಂಬರ್) ಹುಡುಕುವುದು, ಕೊಲ್ಲುವುದು, ಕಾಯುವುದು ಇದನ್ನೆಲ್ಲ ಹೊಸದಾಗಿ ಬರೆಯಬಾರದು ಅಂತಲೇ ಇವನ್ನು ಕೊಟ್ಟಿದ್ದಾರೆ. ಇವನ್ನೇ ಬಳಸಿ. ಆದರೆ ಓದಿ ಬಳಸಿ. ಹೆಸರು ನೋಡಿ ಅರ್ಥ ಊಹಿಸಬೇಡಿ.

ಕಿಲ್‌ಪ್ರಾಕ್ ತೆಗೆದುಕೊಳ್ಳಿ. ಸಿಗ್ನಲ್ ಯಾವುದು ಅಂತ ಹೇಳದೆ ಕರೆದರೆ ಅದು ಮೊದಲು ಟರ್ಮ್ ಕಳಿಸುತ್ತದೆ, ಪ್ರೊಸೆಸ್ ಇನ್ನೂ ಇದೆಯಾ ಅಂತ ನೋಡುತ್ತದೆ, ಸ್ವಲ್ಪ ಕಾಯುತ್ತದೆ, ಇನ್ನೂ ಇದ್ದರೆ ಕಿಲ್ ಕಳಿಸುತ್ತದೆ. ಆ 'ಸ್ವಲ್ಪ' ಮೊದಲೇ ಬರೆದಿಟ್ಟಂತೆ 3 ಸೆಕೆಂಡ್. ಚಿಕ್ಕ ಸಿ ಪ್ರೋಗ್ರಾಮಿಗೆ ಅಷ್ಟು ಸಾಕು. ಮೆಮೊರಿಯಲ್ಲಿದ್ದುದನ್ನು ಡೇಟಾಬೇಸಿಗೆ ಬರೆದು ಮುಗಿಸಬೇಕಾದ ಜಾವಾ ಸರ್ವಿಸಿಗೆ ಅದು ಏನಕ್ಕೂ ಸಾಲದು. ಅಂದರೆ ಲಾಕ್ ಫೈಲ್ ಸರಿಮಾಡಿ, ಪ್ರಾಮಾಣಿಕವಾಗಿ ಕಿಲ್‌ಪ್ರಾಕ್ ಬಳಸಿದರೂ ಲೆಕ್ಕ ಹೋಗುತ್ತಿತ್ತು! ಕಾಯುವ ಸಮಯ ಹೆಚ್ಚಿಸಲು '-ಡಿ' ಅಂತ ಒಂದು ಆಯ್ಕೆ ಇದೆ. ಕಿಲ್ ಬೇಡವೇ ಬೇಡ ಅಂತ '-ಟರ್ಮ್' ಅನ್ನು ಬಾಯಿಬಿಟ್ಟು ಹೇಳಿದರೆ ಕಿಲ್ ಕಳಿಸುವುದಿಲ್ಲ ನಿಜ, ಆದರೆ ಕಾಯುವುದೂ ಇಲ್ಲ. ತಕ್ಷಣ ವಾಪಸ್ ಬರುತ್ತದೆ, ಆರ್‌ಸಿ ಮುಂದಿನ ಸರ್ವಿಸ್ ನಿಲ್ಲಿಸಲು ಹೋಗುತ್ತದೆ, ನಮ್ಮದು ಇನ್ನೂ ಬರೆಯುತ್ತಿರುವಾಗಲೇ ಡೇಟಾಬೇಸ್ ನಿಲ್ಲುತ್ತದೆ.

ಡೆಬಿಯನ್ನಿನ ಸ್ಟಾರ್ಟ್-ಸ್ಟಾಪ್-ಡೀಮನ್ ಈ ವಿಷಯದಲ್ಲಿ ನನಗೆ ಹೆಚ್ಚು ಇಷ್ಟ. ಅದಕ್ಕೆ '--ರಿಟ್ರೈ ಟರ್ಮ್/60/ಕಿಲ್/5' ಅಂತ ಕೊಟ್ಟರೆ, ಟರ್ಮ್ ಕಳಿಸಿ 60 ಸೆಕೆಂಡ್ ವರೆಗೂ ಕಾಯಿ, ಆಮೇಲೂ ಹೋಗದಿದ್ದರೆ ಕಿಲ್ ಕಳಿಸಿ 5 ಸೆಕೆಂಡ್ ನೋಡು ಅಂತ ಅರ್ಥ. ಬರೆದವರ ಉದ್ದೇಶ ಓದುವವರಿಗೆ ಒಂದೇ ಸಾಲಿನಲ್ಲಿ ಕಾಣುತ್ತದೆ.

ಸ್ಟೇಟಸ್ ವಿಚಾರಕ್ಕೆ ಬರೋಣ. ವಿಜಯಪುರದ ಕಡೆಯ ಹುಡುಗಿಯೊಬ್ಬಳು ನಮ್ಮ ಟೀಮಿಗೆ ಹೊಸದಾಗಿ ಸೇರಿದ್ದಳು. ಒಂದು ಬೆಳಿಗ್ಗೆ ಫೋನ್ ಮಾಡಿ, "ಸರ, ಸ್ಟೇಟಸ್ ಕೇಳಿದ್ರ ರನ್ನಿಂಗ್ ಅಂತದ ರೀ, ಆದ್ರ ಒಂದೂ ಮಷಿನ್ ಲೆಕ್ಕ ಬರವಲ್ದು," ಅಂದಳು. "ಯಾರರೆ ಲಾಗ್ ತಗದ ಇಟ್ಟಾರೇನ ನೋಡವಾ," ಅಂದೆ. ಇಟ್ಟಿದ್ದರು. ನೈಟ್ ಶಿಫ್ಟಿನ ಒಬ್ಬರು ಆ ಸರ್ವಿಸಿನ ಲಾಗ್ ಫೈಲಿಗೆ 'ಟೇಲ್' (ಫೈಲಿನ ಕೊನೆಯ ಸಾಲುಗಳನ್ನು ತೋರಿಸುವ ಕಮಾಂಡ್) ಹಾಕಿ ಟರ್ಮಿನಲ್ ಹಾಗೇ ಬಿಟ್ಟು ಮನೆಗೆ ಹೋಗಿದ್ದರು. ಸ್ಕ್ರಿಪ್ಟಿನ ಸ್ಟೇಟಸ್ ಮಾಡುತ್ತಿದ್ದದ್ದು ಇಷ್ಟೇ: ಪ್ರೊಸೆಸ್ ಪಟ್ಟಿಯಲ್ಲಿ ಸರ್ವಿಸಿನ ಹೆಸರನ್ನು 'ಗ್ರೆಪ್' ಮಾಡುವುದು, ಅಂದರೆ ಹುಡುಕುವುದು. ಲಾಗ್ ಫೈಲಿನ ಹೆಸರಲ್ಲೂ ಸರ್ವಿಸಿನ ಹೆಸರಿತ್ತು. ಅಲ್ಲಿಗೆ 'ರನ್ನಿಂಗ್' ಆಯಿತು. ಸ್ಟಾರ್ಟ್ ಕೂಡ ಅದೇ ಗ್ರೆಪ್ ನಂಬಿ, 'ಆಗಲೇ ಓಡುತ್ತಿದೆ' ಅಂತ ಹೇಳಿ ಸುಮ್ಮನಾಗುತ್ತಿತ್ತು.

ಸ್ಟೇಟಸ್ ಅನ್ನುವುದು ಮನುಷ್ಯರಿಗೆ ತೋರಿಸುವ ವಾಕ್ಯ ಮಾತ್ರ ಅಲ್ಲ. ಅದು ಮುಗಿಯುವಾಗ ಕೊಡುವ ನಂಬರಿಗೆ, ಅಂದರೆ ಎಕ್ಸಿಟ್ ಕೋಡಿಗೆ, ಎಲ್‌ಎಸ್‌ಬಿ ಎಂಬ ಲಿನಕ್ಸ್ ಮಾನದಂಡ ಗೊತ್ತುಮಾಡಿದ ಅರ್ಥಗಳಿವೆ: 0 ಅಂದರೆ ಓಡುತ್ತಿದೆ, 1 ಅಂದರೆ ಸತ್ತಿದೆ ಆದರೆ ಪಿಐಡಿ ಫೈಲ್ (ಸರ್ವಿಸಿನ ಪಿಐಡಿ ಬರೆದಿಟ್ಟ ಫೈಲ್) ಉಳಿದಿದೆ, 2 ಅಂದರೆ ಸತ್ತಿದೆ ಆದರೆ ಲಾಕ್ ಫೈಲ್ ಉಳಿದಿದೆ, 3 ಅಂದರೆ ಓಡುತ್ತಿಲ್ಲ. ಈ ಒಂದು, ಎರಡು ಮತ್ತು ಮೂರರ ನಡುವಿನ ವ್ಯತ್ಯಾಸದಲ್ಲೇ ಅರ್ಧ ತನಿಖೆ ಮುಗಿಯುತ್ತದೆ. 3 ಬಂದರೆ ಯಾರೋ ನಿಲ್ಲಿಸಿದ್ದಾರೆ, ಇಲ್ಲವೇ ಶುರುವೇ ಆಗಿಲ್ಲ. 1 ಅಥವಾ 2 ಬಂದರೆ ತಾನಾಗಿ ಬಿದ್ದಿದೆ. ನಮ್ಮ ಹಳೆಯ ಸ್ಕ್ರಿಪ್ಟ್ 'ನಾಟ್ ರನ್ನಿಂಗ್' ಅಂತ ಎಕೋ ಮಾಡಿ (ಪರದೆಗೆ ಬರೆದು) ಮುಗಿಯುತ್ತಿತ್ತು. ಎಕೋ ಗೆದ್ದಿತಲ್ಲ, ಕೋಡ್ 0. ಸರ್ವಿಸ್ ಸತ್ತಿದ್ದರೂ ಮಾನಿಟರಿಂಗ್ ಪರದೆಯ ಮೇಲೆ ಹಸಿರು ದೀಪ.

ಹಾಗೆಯೇ ಸ್ಟಾರ್ಟ್‌ನಲ್ಲಿ ಬರುವ ಹಸಿರು 'ಓಕೆ'ಯನ್ನೂ ಅದರ ಮಿತಿಯಲ್ಲೇ ನಂಬಬೇಕು. ಡೀಮನ್ ಫಂಕ್ಷನ್ ನೋಡುವುದು ತಾನು ಓಡಿಸಿದ ಕಮಾಂಡ್ ಯಾವ ಕೋಡ್ ಕೊಟ್ಟಿತು ಅನ್ನುವುದನ್ನು. ಜಾವಾವನ್ನು ಹಿನ್ನೆಲೆಗೆ ಕಳಿಸಿ ತಕ್ಷಣ ಮುಗಿಯುವ ಕಮಾಂಡ್ ಯಾವಾಗಲೂ 0 ಕೊಡುತ್ತದೆ, ಎರಡು ಸೆಕೆಂಡ್ ಬಿಟ್ಟು ಜಾವಾ ಬಿದ್ದರೂ ಸರಿಯೇ. ಪೋರ್ಟ್ ತೆರೆದುಕೊಳ್ಳುವವರೆಗೆ ಕಾದು ನೋಡುವ ಒಂದು ಲೂಪ್ ನಾವೇ ಸೇರಿಸಿದೆವು.

ಪಿಐಡಿ ಫೈಲ್ ಬಗ್ಗೆ ನಾನು ಎಷ್ಟು ಹೇಳಿದರೂ ಕಡಿಮೆ. ಆ ಸ್ಕ್ರಿಪ್ಟ್ ಅದನ್ನು /ಆಪ್ಟ್ ಒಳಗಿನ ತನ್ನದೇ ಫೋಲ್ಡರಿನಲ್ಲಿ ಇಡುತ್ತಿತ್ತು. /ವಾರ್/ರನ್ ಒಳಗಿದ್ದರೆ ಸರ್ವರ್ ಏಳುವಾಗ ಹಳೆಯದು ಅಳಿಸಿಹೋಗುತ್ತದೆ. /ಆಪ್ಟ್ ಒಳಗಿನದು ಉಳಿಯುತ್ತದೆ. ಯುಪಿಎಸ್ ಕೈಕೊಟ್ಟು ಸರ್ವರ್ ದಿಢೀರ್ ಆರಿಹೋದ ಒಂದು ದಿನ, ಹಳೆಯ ನಂಬರ್ ಆ ಫೈಲಿನಲ್ಲಿ ಹಾಗೇ ಉಳಿಯಿತು. ಸರ್ವರ್ ಪ್ರತಿ ಸಲ ಏಳುವಾಗ ಪಿಐಡಿ ಎಣಿಕೆ ಒಂದರಿಂದಲೇ ಶುರು, ಸರ್ವಿಸ್‌ಗಳ ಸಾಲೂ ಹೆಚ್ಚುಕಡಿಮೆ ಅದೇ. ಅದಕ್ಕೇ ಹಳೆಯ ನಂಬರ್ ಅಕ್ಕಪಕ್ಕದ ಇನ್ನೊಂದು ಸರ್ವಿಸಿಗೆ ಸಿಗುವ ಸಾಧ್ಯತೆ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಅವತ್ತು ಅದು ಲೇಬಲ್ ಪ್ರಿಂಟಿಂಗ್ ಸರ್ವಿಸಿಗೆ ಸಿಕ್ಕಿತ್ತು. ಯಾರೋ ಲೆಕ್ಕದ ಸರ್ವಿಸಿಗೆ ರೀಸ್ಟಾರ್ಟ್ ಕೊಟ್ಟರು. ಸ್ಕ್ರಿಪ್ಟ್ ಫೈಲಿನಲ್ಲಿದ್ದ ನಂಬರಿಗೆ ನೇರವಾಗಿ ಟರ್ಮ್ ಕಳಿಸಿತು. ಡಿಸ್ಪ್ಯಾಚಿನಲ್ಲಿ ಲೇಬಲ್ ನಿಂತಿತು, ಲಾರಿಗಳು ನಿಂತವು.

ರೆಡ್‌ಹ್ಯಾಟ್‌ನ ಹೆಲ್ಪರ್ ಕೂಡ ಇಲ್ಲಿ ಪೂರ್ತಿ ಕಾಪಾಡುವುದಿಲ್ಲ. ಫೈಲಿನಲ್ಲಿರುವ ನಂಬರಿನ ಫೋಲ್ಡರ್ /ಪ್ರಾಕ್ (ಓಡುತ್ತಿರುವ ಪ್ರತಿ ಪ್ರೊಸೆಸಿಗೂ ಒಂದು ಫೋಲ್ಡರ್ ಇರುವ ಜಾಗ) ಒಳಗೆ ಇದೆಯಾ ಅಂತ ಮಾತ್ರ ನೋಡುತ್ತದೆ, ಅದು ಯಾರದು ಅಂತ ಕೇಳುವುದಿಲ್ಲ. ಯುನಿಕ್ಸ್ ಬಳಗದ ಫ್ರೀಬಿಎಸ್‌ಡಿಯಲ್ಲಿ ಇದೇ ಕೆಲಸದ ಫೈಲ್ ಆದ ಆರ್‌ಸಿ.ಸಬ್‌ಆರ್ ಕೇಳುತ್ತದೆ. ಪಿಐಡಿ ಫೈಲಿನ ನಂಬರ್ ಮತ್ತು ಪ್ರೊಸೆಸಿನ ಹೆಸರು ಎರಡೂ ಹೊಂದಿದರೆ ಮಾತ್ರ 'ಹೌದು' ಅನ್ನುತ್ತದೆ. ಇದು ನೆಟ್‌ಬಿಎಸ್‌ಡಿ 1.5ರಲ್ಲಿ, 2000ದಲ್ಲಿ, ಬಂದ ವ್ಯವಸ್ಥೆ. ಫ್ರೀಬಿಎಸ್‌ಡಿ 2003ರ 5.0 ಆವೃತ್ತಿಯಲ್ಲಿ ತೆಗೆದುಕೊಂಡಿತು. ಅಲ್ಲಿ ಸ್ಕ್ರಿಪ್ಟ್ ಬರೆಯುವವರು ಹೆಸರು, ಕಮಾಂಡ್, ಪಿಐಡಿ ಫೈಲಿನ ದಾರಿ ಇಷ್ಟು ಹೇಳಿ ಕೊನೆಗೆ ರನ್_ಆರ್‌ಸಿ_ಕಮಾಂಡ್ ಕರೆದರೆ ಸಾಕು. ಸ್ಟಾರ್ಟ್, ಸ್ಟಾಪ್, ಸ್ಟೇಟಸ್ ಎಲ್ಲ ಅದೇ ನೋಡಿಕೊಳ್ಳುತ್ತದೆ. ನಿಲ್ಲಿಸುವಾಗ ಟರ್ಮ್ ಕಳಿಸಿ ಪ್ರೊಸೆಸ್ ಹೋಗುವವರೆಗೂ ಕಾಯುತ್ತದೆ, ಅವಸರದಲ್ಲಿ ಕಿಲ್ ಕಳಿಸುವುದಿಲ್ಲ. ನಮ್ಮ ಬ್ಯಾಕಪ್ ಪೆಟ್ಟಿಗೆಯಲ್ಲಿ ಫ್ರೀಬಿಎಸ್‌ಡಿ ಇದ್ದದ್ದರಿಂದ ಅದನ್ನು ಓದುವ ಅವಕಾಶ ಸಿಕ್ಕಿತು. ಯಾವ ಸಿಸ್ಟಮ್ ಬಳಸಿದರೂ ಆ ಒಂದು ಫೈಲ್ ಓದಿ ಅಂತ ಹೊಸಬರಿಗೆ ಹೇಳುತ್ತೇನೆ. ಶೆಲ್ ಹೇಗೆ ಬರೆಯಬೇಕು ಅನ್ನುವುದಕ್ಕೇ ಅದು ಒಳ್ಳೆಯ ಪಾಠ.

ಅದನ್ನು ನೋಡಿ ನಮ್ಮ ಸರ್ವರ್‌ಗಳಿಗೆ ಒಂದು ಸಣ್ಣ ಫೈಲ್ ಮಾಡಿದೆವು. ಪಿಐಡಿ ನಮ್ಮದೇನಾ ಅಂತ ನೋಡುವ ಫಂಕ್ಷನ್ ಒಂದು, ನಿಲ್ಲುವವರೆಗೆ ಕಾಯುವ ಫಂಕ್ಷನ್ ಇನ್ನೊಂದು. ಮೊದಲನೆಯದರಲ್ಲಿ /ಪ್ರಾಕ್ ಒಳಗಿನ 'ಎಕ್ಸಿ' ಲಿಂಕ್ ಉಪಯೋಗಕ್ಕೆ ಬರುವುದಿಲ್ಲ; ಎಲ್ಲ ಜಾವಾ ಸರ್ವಿಸ್‌ಗಳಿಗೂ ಅದು ಒಂದೇ ಜಾವಾ ಬೈನರಿ ತೋರಿಸುತ್ತದೆ. ಪ್ರೊಸೆಸ್ ಶುರುವಾದ ಕಮಾಂಡ್ ಇರುವ 'ಸಿಎಂಡಿಲೈನ್' ಓದಿ ಅದರಲ್ಲಿ ನಮ್ಮ ಜಾರ್ ಫೈಲಿನ (ಜಾವಾ ಪ್ರೋಗ್ರಾಮಿನ ಫೈಲ್) ಹೆಸರು ಹುಡುಕಬೇಕು. ಆ ಫೈಲಿನಲ್ಲಿ ಪದಗಳ ನಡುವೆ ಸ್ಪೇಸ್ ಇರುವುದಿಲ್ಲ, ನಲ್ ಅಕ್ಷರ ಇರುತ್ತದೆ. ಅಕ್ಷರ ಬದಲಿಸುವ 'ಟಿಆರ್' ಕಮಾಂಡ್ ಹಾಕಿ ಅದನ್ನು ಸ್ಪೇಸ್ ಮಾಡಿಕೊಂಡರೆ ಆಮೇಲಿನದು ಸಲೀಸು. ಎರಡನೆಯದರಲ್ಲಿ ಸೆಕೆಂಡಿಗೊಮ್ಮೆ 'ಕಿಲ್ -0' ಕೊಟ್ಟು ನೋಡುತ್ತೇವೆ, ಅದು ಯಾವ ಸಿಗ್ನಲನ್ನೂ ಕಳಿಸದೆ ಪ್ರೊಸೆಸ್ ಇದೆಯಾ ಅಂತ ಮಾತ್ರ ಹೇಳುತ್ತದೆ. ಗಡುವು ಮೀರಿದರೆ ಏನು ಮಾಡಬೇಕು ಅನ್ನುವುದನ್ನು ಫಂಕ್ಷನ್ ನಿರ್ಧರಿಸುವುದಿಲ್ಲ, ಕರೆದ ಸ್ಕ್ರಿಪ್ಟಿಗೆ ಬಿಡುತ್ತದೆ. ಲೇಬಲ್ ಸರ್ವಿಸಿಗೆ ಕಿಲ್ ಹೊಡೆದರೆ ನಷ್ಟವಿಲ್ಲ. ಲೆಕ್ಕದ ಸರ್ವಿಸಿಗೆ ಹೊಡೆಯುವ ಮುಂಚೆ ಲಾಗಿನಲ್ಲಿ ದೊಡ್ಡದಾಗಿ ಬರೆಯಬೇಕು.

ಗಡುವು ಎಷ್ಟು ಇರಬೇಕು ಅನ್ನುವುದು ಯುಪಿಎಸ್ ಮೇಲೆ ನಿಂತಿದೆ. ಇದನ್ನು ಬಹಳ ಜನ ಲೆಕ್ಕ ಹಾಕುವುದಿಲ್ಲ. ಹಳೆಯ ವ್ಯವಸ್ಥೆಯಲ್ಲಿ ಸರ್ವಿಸ್‌ಗಳು ಒಂದರ ಹಿಂದೆ ಒಂದು ನಿಲ್ಲುತ್ತವೆ, ಹಾಗಾಗಿ ಎಲ್ಲ ಗಡುವುಗಳ ಮೊತ್ತ ಬ್ಯಾಟರಿ ತಡೆಯುವ ಸಮಯದ ಒಳಗೇ ಇರಬೇಕು. ಬ್ಯಾಟರಿ ಹಳತಾದಂತೆ ಆ ಸಮಯವೂ ಇಳಿಯುತ್ತದೆ.

ಈಗ ಆ ಸರ್ವರ್ ಸಿಸ್ಟಮ್‌ಡಿ (ಇನಿಟ್ ಸ್ಕ್ರಿಪ್ಟುಗಳ ಬದಲಿಗೆ ಸರ್ವಿಸ್‌ಗಳನ್ನು ನೋಡಿಕೊಳ್ಳುವ ವ್ಯವಸ್ಥೆ) ಇರುವ ಹೊಸ ಲಿನಕ್ಸಿಗೆ ಬಂದಿದೆ. ಸೆಂಟ್‌ಓಎಸ್ 6ಕ್ಕೆ ಅಪ್‌ಡೇಟ್ ನಿಂತದ್ದು 2020ರ ನವೆಂಬರಿನಲ್ಲಿ. ಲಾಕ್ ಫೈಲ್ ಇಲ್ಲ; ಪ್ರತಿ ಸರ್ವಿಸಿನ ಪ್ರೊಸೆಸ್‌ಗಳನ್ನು ಸಿಗ್ರೂಪ್ (ಪ್ರೊಸೆಸ್‌ಗಳ ಗುಂಪು) ಮೂಲಕ ಕರ್ನಲ್ಲೇ ಲೆಕ್ಕ ಇಡುವುದರಿಂದ ಯಾರ ಪಿಐಡಿ ಯಾರದು ಅನ್ನುವ ಗೊಂದಲವೂ ಇಲ್ಲ. ಆದರೆ ಟರ್ಮ್ ಕಳಿಸಿ ಕಾಯುವುದು, ಆಮೇಲೆ ಕಿಲ್ ಕಳಿಸುವುದು ಅಲ್ಲೂ ಇದೆ; ನಾವು ಏನೂ ಹೇಳದಿದ್ದರೆ ಗಡುವು ಸಾಮಾನ್ಯವಾಗಿ 90 ಸೆಕೆಂಡ್, ಬೇರೆ ಬೇಕಾದರೆ ಟೈಮ್‌ಔಟ್‌ಸ್ಟಾಪ್‌ಸೆಕ್. ಡೇಟಾಬೇಸಿನ ನಂತರ ಶುರುವಾಗಬೇಕು ಅಂತ 'ಆಫ್ಟರ್' ಬರೆದರೆ ನಿಲ್ಲುವಾಗ ಕ್ರಮ ತಾನೇ ತಿರುಗಿ, ಡೇಟಾಬೇಸಿಗಿಂತ ಮೊದಲು ನಮ್ಮದು ನಿಲ್ಲುತ್ತದೆ. ಜಾವಾದವರಿಗೆ ಇನ್ನೊಂದು ಸಾಲು ಬೇಕು. ಟರ್ಮ್ ಬಂದು ಅಚ್ಚುಕಟ್ಟಾಗಿ ನಿಂತ ಜಾವಾ ಕೊಡುವ ಎಕ್ಸಿಟ್ ಕೋಡ್ 143, ಅಂದರೆ 128ಕ್ಕೆ ಟರ್ಮ್‌ನ 15 ಸೇರಿದ್ದು. ಸಿಸ್ಟಮ್‌ಡಿ ಅದನ್ನು ಸೋಲು ಅಂತ ತಿಳಿದು 'ಫೇಲ್ಡ್' ಅಂತ ಕೆಂಪಗೆ ತೋರಿಸುತ್ತದೆ. ಸಕ್ಸೆಸ್‌ಎಕ್ಸಿಟ್‌ಸ್ಟೇಟಸ್=143 ಅಂತ ಯುನಿಟ್ ಫೈಲಿನ (ಸರ್ವಿಸಿನ ವಿವರ ಇರುವ ಸಿಸ್ಟಮ್‌ಡಿ ಫೈಲ್) ಸರ್ವಿಸ್ ಭಾಗದಲ್ಲಿ ಬರೆದು, ಡೀಮನ್-ರಿಲೋಡ್ ಕೊಡಿ. ಆಮೇಲೆ ಕೆಂಪು ಕಂಡರೆ ಅದು ನಿಜವಾದ ಕೆಂಪು.